ತುಂಗಾಪಾನದ ಊರಿನ ನಾಲಿಗೆ



‘ತುಂಗಾ ಪಾನ, ಗಂಗಾ ಸ್ನಾನ’ ಅನ್ನುವ ಮಾತನ್ನು ನಾವೆಲ್ಲ ಎಳವೆಯಿಂದ ಕೇಳಿದ್ದೇವೆ. ಭಕ್ತಿಯಿಂದ ಕೇಳಿ ತಲೆಯಾಡಿಸಿ ಸುಮ್ಮನಾಗಿದ್ದೇವೆ. ಆದರೆ ಆ ಮಾತಿನಲ್ಲಿ ಭಕ್ತಿಗಿಂತ ಹೆಚ್ಚಾಗಿ ನಾಲಿಗೆಯ ತೀರ್ಪು ಇದೆ. ಹಿಂದೆ ಯಾರೋ ಪುಣ್ಯಾತ್ಮರು ಹತ್ತಾರು ಹೊಳೆಗಳ ನೀರನ್ನು ಬೊಗಸೆಯಲ್ಲಿ ಎತ್ತಿ, ಬಾಯೊಳಗೆ ಹೊರಳಿಸಿ, ಇದು ಮೀಯಲಿಕ್ಕೆ, ಇದು ಕುಡಿಯಲಿಕ್ಕೆ ಎಂದು ಹೇಳಿರಲೇಬೇಕು. ಹರಿಹರದ ಹೊಳೆದಂಡೆಯಲ್ಲೇ ಬಾಳಿದ ನಮ್ಮಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. ‘ಕೂಡ್ಲಿಯಾಗೆ ಭದ್ರೆ ಕೂಡಿದ ಮ್ಯಾಲೆ ನೀರು ದಪ್ಪ ಆಕ್ಕತಿ, ತುಂಗೆಯಷ್ಟು ಹಗುರ ಇರಂಗಿಲ್ಲ’ ಅನ್ನೋಳು. ನೀರಿನಲ್ಲಿ ದಪ್ಪ ಯಾವುದು, ಹಗುರ ಯಾವುದು ಎಂದು ನಾವು ನಗುತ್ತಿದ್ದೆವು. ಅರುವತ್ತು ದಾಟಿದ ಮೇಲೆ ನನಗೆ ಅರ್ಥವಾಗಿದೆ, ಅವಳು ಹೇಳಿದ್ದು ತಮಾಷೆಯಲ್ಲ. ಫ್ರಾನ್ಸಿನಲ್ಲೋ ಪೋರ್ಚುಗಲ್ಲಿನಲ್ಲೋ ಹುಟ್ಟಿದ್ದರೆ ಆ ನಾಲಿಗೆಗೆ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು.

ಇವತ್ತು ನಾನು ಮಾತಾಡುವುದು ವಸಂತದ ಒಂದು ಪ್ರವಾಸ, ಮತ್ತು ಜಗತ್ತಿನ ನಾಲ್ಕಾರು ದೇಶಗಳ ವೈನಿನ ರುಚಿ ನೋಡುವ ವಿಚಾರ. ಬಾನುಲಿಯಲ್ಲಿ ಮದ್ಯದ ಮಾತೇ ಎಂದು ಹುಬ್ಬೇರಿಸಬೇಡಿ. ನಾನು ಕುಡಿಯಿರಿ ಎನ್ನಲು ಬಂದಿಲ್ಲ. ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮಾರುವಂತಿಲ್ಲ. ವೈದ್ಯರು ಬೇಡ ಎಂದವರಿಗೆ, ಮನಸ್ಸೇ ಬೇಡ ಎನ್ನುವವರಿಗೆ ದ್ರಾಕ್ಷಿಯ ತೋಟ ಇದೆ, ಒಣದ್ರಾಕ್ಷಿ ಇದೆ. ನಮ್ಮಕ್ಕ ಹಾಗೇ ಬಂದಳು, ನಮ್ಮೆಲ್ಲರಿಗಿಂತ ಹೆಚ್ಚು ಸಂತೋಷಪಟ್ಟು ಹೋದಳು.

ಮೊದಲು ಹೆಸರಿನ ಗೊಂದಲ ಒಂದನ್ನು ಬಿಡಿಸಬೇಕು. ನಮ್ಮೂರುಗಳಲ್ಲಿ ‘ವೈನ್ಸ್’ ಎಂಬ ಬೋರ್ಡಿಗೆ ಬರವಿಲ್ಲ. ಒಳಗೆ ಹೋಗಿ ವೈನ್ ಕೇಳಿ ನೋಡಿ. ರಮ್ಮು, ಬ್ರಾಂದಿ, ವಿಸ್ಕಿಗಳ ಸಾಲಿನ ಹಿಂದಿನಿಂದ, ಮೇಲಿನ ಹಲಗೆಯ ಮೂಲೆಯಿಂದ, ದೂಳು ಒರೆಸಿ ಒಂದು ಬಾಟಲಿ ಇಳಿಸುತ್ತಾರೆ. ಬೋರ್ಡಿನ ಮೇಲೆ ಹೆಸರಿರುವ ಪದಾರ್ಥ ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಇರುವ ವ್ಯಾಪಾರ ಇದೊಂದೇ ಇರಬೇಕು. ವೈನು ಭಟ್ಟಿ ಇಳಿಸಿದ್ದಲ್ಲ. ದಾವಣಗೆರೆಯವರಿಗೆ ಭಟ್ಟಿ ಅಂದರೆ ಮಂಡಕ್ಕಿ ಭಟ್ಟಿ, ಆ ಮಾತು ಬೇರೆ. ಬ್ರಾಂದಿ, ವಿಸ್ಕಿ ಕುದಿಸಿ ಆವಿ ಹಿಡಿದು ಇಳಿಸಿದವು. ವೈನು ದ್ರಾಕ್ಷಿರಸ ತಾನಾಗಿ ಹುದುಗಿ ಆದದ್ದು, ಅಷ್ಟೆ. ನಮ್ಮ ದೋಸೆ ಹಿಟ್ಟು ರಾತ್ರಿ ಉಬ್ಬಿ ಬೆಳಿಗ್ಗೆ ಹುಳಿಗಂಪು ಬರುವ ಹಾಗೆ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ತಿನ್ನುತ್ತದೆ, ಮದ್ಯಸಾರ ಆಗುತ್ತದೆ. ಸಾಮಾನ್ಯವಾಗಿ ನೂರಕ್ಕೆ 12ರಿಂದ 14 ಪಾಲು. ಬಿಳಿ ವೈನಿಗೆ ಹಿಂಡಿದ ಕೂಡಲೆ ಸಿಪ್ಪೆ ಬೇರೆ ಮಾಡುತ್ತಾರೆ, ಕೆಂಪಿಗೆ ಸಿಪ್ಪೆ, ಬೀಜ ಎಲ್ಲ ಕೂಡಿಸಿಯೇ ಹುದುಗಿಸುತ್ತಾರೆ. ಕೆಂಪಿನ ಬಣ್ಣ ಆ ಸಿಪ್ಪೆಯದು, ಒಗರು ಸಿಪ್ಪೆ, ಬೀಜ ಎರಡರದೂ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿಯೂ ಹುಟ್ಟಿತು. ಆ ಮಂಡಳಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಮುಂತಾದ ಕಡೆ ವೈನ್ ಮೇಳ ನಡೆಸಿಕೊಂಡು ಬಂದಿದೆ. ನಾನು ಮೊದಲ ಸಲ ‘ರುಚಿ ನೋಡುವುದು’ ಎಂಬ ವಿದ್ಯೆಯನ್ನು ಕಂಡದ್ದು ಅಂಥ ಒಂದು ಮೇಳದಲ್ಲಿ. ಗಾಜಿನ ಲೋಟದ ತಳದಲ್ಲಿ ಎರಡು ಚಮಚೆಯಷ್ಟು ಹಾಕಿದರು. ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಲೋಟ ತಿರುಗಿಸಬೇಕು, ಮೂಗು ಒಳಗಿಟ್ಟು ಘಮ ಹಿಡಿಯಬೇಕು, ಬಾಯಲ್ಲಿ ಇಟ್ಟುಕೊಂಡು ಹೊರಳಿಸಬೇಕು, ಆಮೇಲೆ ಉಗುಳಬೇಕು. ಹೌದು, ಉಗುಳಬೇಕು. ಪಕ್ಕದಲ್ಲಿ ಅದಕ್ಕೆಂದೇ ಒಂದು ಪಾತ್ರೆ. ಬೆಂಗಳೂರಿನ ಹುಡುಗರು ಮುಜುಗರದಿಂದ ಅತ್ತಿತ್ತ ನೋಡುತ್ತಿದ್ದರು. ಎಲೆ ಅಡಿಕೆ ಹಾಕಿ ಪೀಕದಾನಿ ಪಕ್ಕದಲ್ಲಿಟ್ಟುಕೊಂಡೇ ದೊಡ್ಡವರಾದ ನಮ್ಮ ಸೀಮೆಯವರಿಗೆ ಅದರಲ್ಲಿ ಕಲಿಯುವುದೇನಿತ್ತು?

ಆದರೆ ಆ ಮೇಳದಲ್ಲಿ ನನಗೆ ಒಂದು ಕಿರಿಕಿರಿಯೂ ಆಯಿತು. ಬಾಟಲಿಯ ಪಕ್ಕ ಇಟ್ಟಿದ್ದ ಚೀಟಿಗಳಲ್ಲಿ ಬ್ಲಾಕ್‌ಕರಂಟ್, ಗೂಸ್‌ಬೆರಿ, ಸೀಡರ್ ಮರ ಎಂದೆಲ್ಲ ಇತ್ತು. ನಾನು ಕಂಡಿಲ್ಲ, ತಿಂದಿಲ್ಲ, ನಮ್ಮಪ್ಪನೂ ಕಂಡಿರಲಿಲ್ಲ. ಕಾಣದ ಹಣ್ಣಿನ ರುಚಿ ನನ್ನ ಬಾಯಿಗೆ ಬರಲಿಲ್ಲ ಎಂದು ನಾನು ನಾಚಿಕೊಳ್ಳಬೇಕೆ? ಆವತ್ತೇ ತೀರ್ಮಾನ ಮಾಡಿದೆ, ಊರಿಗೆ ಹೋಗಿ ಕನ್ನಡದಲ್ಲೇ ರುಚಿ ನೋಡಬೇಕು ಎಂದು.

ಹೋದ ವರ್ಷ ಮಾಘ ಕಳೆಯುವ ಹೊತ್ತಿಗೆ ದಾವಣಗೆರೆಯ ನಮ್ಮ ಮನೆಯ ಮಹಡಿಯಲ್ಲಿ ಆ ಸಭೆ ಕೂಡಿತು. ನಾನು, ನನ್ನಾಕೆ, ಬ್ಯಾಂಕಿನಿಂದ ನಿವೃತ್ತನಾದ ಗೆಳೆಯ, ಚನ್ನಗಿರಿ ಕಡೆ ಅಡಿಕೆ ತೋಟ ಮಾಡುವ ಭಾವ, ಮತ್ತು ಪಾನಕ ಹಿಡಿದು ಕೂತ ಅಕ್ಕ. ಬೆಂಗಳೂರಿನಿಂದ ಒಂದೊಂದಾಗಿ ತಂದಿಟ್ಟ ಬಾಟಲಿಗಳು ಮೇಜಿನ ಮೇಲೆ. ಹೆಸರು ಕಾಣದಂತೆ ಎಲ್ಲಕ್ಕೂ ಕಾಗದ ಸುತ್ತಿದ್ದೆ. ಇದಕ್ಕೆ ಒಂದು ದೊಡ್ಡ ಮೇಲ್ಪಂಕ್ತಿ ಇದೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಹೀಗೇ ಹೆಸರು ಮುಚ್ಚಿ ಫ್ರೆಂಚ್ ಪರಿಣತರಿಗೆ ರುಚಿ ತೋರಿಸಿದ. ಅವರು ಕೆಂಪಿನಲ್ಲೂ ಬಿಳಿಯಲ್ಲೂ ಮೊದಲ ಸ್ಥಾನ ಕೊಟ್ಟದ್ದು ಕ್ಯಾಲಿಫೋರ್ನಿಯಾದ ವೈನಿಗೆ. ಹೆಸರು ಮುಚ್ಚಿದರೆ ನಾಲಿಗೆ ನಿಜ ಹೇಳುತ್ತದೆ.

ಮೊದಲು ಬಂದದ್ದು ನ್ಯೂಜಿಲೆಂಡಿನ ಸೊವಿನ್ಯೋಂ ಬ್ಲಾಂಕ್ ಎಂಬ ಬಿಳಿ ವೈನು. ನನ್ನಾಕೆ ಮೂಗಿಟ್ಟವಳೇ ‘ಅಯ್ಯ, ಪೇರಲ ಹಣ್ಣು! ಪೂರಾ ಹಣ್ಣಾಗಿಲ್ಲ, ದೋರಗಾಯಿ’ ಅಂದಳು. ಅಷ್ಟೇ ಖಚಿತವಾಗಿ ಯಾವ ಚೀಟಿಯೂ ಹೇಳಿರಲಿಲ್ಲ. ಆಸ್ಟ್ರೇಲಿಯಾದ ಶಿರಾಜಿನಲ್ಲಿ ಗೆಳೆಯ ಕರಿಮೆಣಸು ಕಂಡ. ಅದು ಬರಿಯ ಕಲ್ಪನೆಯಲ್ಲ. ಮೆಣಸಿನ ಘಾಟಿಗೆ ಕಾರಣವಾದ ರೋಟಂಡೋನ್ ಎಂಬ ವಸ್ತು ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಕ್ಯಾಬರ್ನೆ ಸೊವಿನ್ಯೋಂ ಬಂದಾಗ ನನಗೆ ಆಗತಾನೆ ಹೆಚ್ಚಿದ ದೊಣ್ಣೆಮೆಣಸಿನಕಾಯಿ, ಅದರ ಹಿಂದೆ ನೇರಳೆ ಹಣ್ಣು ಹೊಳೆಯಿತು. ನೇರಳೆ ತಿಂದ ಮೇಲೆ ನಾಲಿಗೆ ಒಂದು ಥರ ಹಿಡಿದುಕೊಳ್ಳುತ್ತದಲ್ಲ, ಅದೇ.

ಆದರೆ ಆ ಸಂಜೆಯ ಗುರು ನಮ್ಮ ಭಾವ. ಅದುವರೆಗೆ ‘ಏನೋ ಹುಳಿನೀರು’ ಎಂದು ಮುಖ ಸಿಂಡರಿಸುತ್ತಿದ್ದ ಮನುಷ್ಯ, ಫ್ರಾನ್ಸಿನ ಬೋರ್ಡೋದ ಕೆಂಪು ವೈನು ಬಾಯಿಗೆ ಬೀಳುತ್ತಲೇ ನೆಟ್ಟಗೆ ಕೂತರು. ‘ಏನಪಾ ಇದು, ನಮ್ಮ ಚೊಗರು ಇದ್ದಂಗೈತಲ್ಲೋ!’ ಅಂದರು. ಕೆಂಪಡಿಕೆ ಮಾಡುವವರಿಗೆ ಗೊತ್ತು. ಸುಲಿದ ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಗಾಢ ಕೆಂಪಿನ ರಸ ಚೊಗರು. ಅದರಲ್ಲಿರುವುದು ಟ್ಯಾನಿನ್. ಕೆಂಪು ವೈನಿನ ಒಗರೂ ಟ್ಯಾನಿನ್ನೇ, ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬಂದದ್ದು. ಇಂಗ್ಲಿಷಿನಲ್ಲಿ ಬರೆಯುವವರು ಈ ಟ್ಯಾನಿನ್ನಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಚನ್ನಗಿರಿಯಲ್ಲಿ ಹಸಿ ಒಗರು ಯಾವುದು, ಮಾಗಿದ ಒಗರು ಯಾವುದು, ಬಾಯಿ ಕಟ್ಟುವ ಒಗರು ಯಾವುದು ಎಂದು ಅಡಿಕೆ ಕಚ್ಚಿ ದರ ಕಟ್ಟುವವರಿದ್ದಾರೆ. ಭಾವ ಆಮೇಲೆ ಮೂರು ಕೆಂಪು ವೈನುಗಳನ್ನು ಒಗರಿನ ಮೇಲೇ ಸಾಲಾಗಿ ಜೋಡಿಸಿಟ್ಟರು. ಕಾಗದ ಬಿಚ್ಚಿ ನೋಡಿದರೆ ಸಾಲು ಸರಿಯಾಗಿತ್ತು.

ಜಾರ್ಜಿಯಾ ದೇಶದ ವೈನೊಂದಿತ್ತು. ಅಲ್ಲಿ ಸುಮಾರು 8000 ವರ್ಷದಿಂದ ವೈನ್ ಮಾಡುತ್ತಿದ್ದಾರೆ ಎಂಬುದಕ್ಕೆ ಮಡಕೆ ಚೂರುಗಳಲ್ಲಿ ಸಾಕ್ಷಿ ಸಿಕ್ಕಿದೆ. ಇವತ್ತಿಗೂ ಕ್ವೆವ್ರಿ ಎಂಬ ಆಳೆತ್ತರದ ಮಣ್ಣಿನ ಗುಡಾಣವನ್ನು ಕತ್ತಿನವರೆಗೆ ನೆಲದಲ್ಲಿ ಹೂತು, ರಸ ತುಂಬಿ ಬಾಯಿ ಮುಚ್ಚುತ್ತಾರೆ. 2013ರಲ್ಲಿ ಯುನೆಸ್ಕೋ ಆ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನು ಹೇಳಿದಾಗ ಅಕ್ಕ ‘ಹಗೇವು’ ಅಂದಳು. ಒಂದೇ ಮಾತು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಮೇಲೆ ಮಣ್ಣು ಮೆತ್ತಿ ಇಡುತ್ತಿದ್ದುದು ಅವಳು ಚಿಕ್ಕವಳಿದ್ದಾಗ ಕಂಡದ್ದು. ನೆಲದ ಒಳಗಿನ ತಂಪು ಕಾಳಿಗೂ ಬೇಕು, ರಸಕ್ಕೂ ಬೇಕು.

ಪೋರ್ಚುಗಲ್ಲಿನ ಪೋರ್ಟ್ ಎಲ್ಲರಿಗೂ ಇಷ್ಟವಾಯಿತು, ಸಿಹಿ ಇದ್ದದ್ದೇ ಕಾರಣ. ಹುದುಗು ಅರ್ಧದಲ್ಲಿರುವಾಗಲೇ ದ್ರಾಕ್ಷಿಯ ಮದ್ಯಸಾರ ಬೆರೆಸಿ ಯೀಸ್ಟನ್ನು ಕೊಲ್ಲುತ್ತಾರೆ, ತಿನ್ನದೆ ಬಿಟ್ಟ ಸಕ್ಕರೆ ಹಾಗೇ ಉಳಿಯುತ್ತದೆ. ಕಿಕ್ಕೂ ಜಾಸ್ತಿ, ನೂರಕ್ಕೆ 20ರ ಹತ್ತಿರ. ದೋರು ಹೊಳೆಯ ಕಣಿವೆಯಲ್ಲಿ ಬೆಳೆದದ್ದು ಮಾತ್ರ ಪೋರ್ಟ್ ಎಂದು ಅಲ್ಲಿ 1756ರಲ್ಲೇ ಗಡಿ ಹಾಕಿದ್ದಾರೆ. ನಮ್ಮಲ್ಲಿ ಸಕ್ಕರೆ ಸುರಿದದ್ದೆಲ್ಲ ಪೋರ್ಟ್.

ಕೊನೆಯ ಬಾಟಲಿಯ ಕಥೆ ನನ್ನ ದಡ್ಡತನದ್ದು. ಅಕ್ಕನ ಮಗ ಮೆಲ್ಬರ್ನಿನಿಂದ ತಂದುಕೊಟ್ಟದ್ದು. ‘ಮಾವ, ಚೆನ್ನಾಗಿ ಇಟ್ಕಳಿ, ಹಳೇದಾದಷ್ಟೂ ರುಚಿ’ ಅಂದಿದ್ದ. ನಾನು ಅಟ್ಟದ ಮೇಲೆ, ಹಳೆಯ ಪುಸ್ತಕಗಳ ಪಕ್ಕ ನೆಟ್ಟಗೆ ನಿಲ್ಲಿಸಿ ಮೂರು ಬೇಸಿಗೆ ಕಳೆದೆ. ದಾವಣಗೆರೆಯ ಬೇಸಿಗೆ, ತಾರಸಿಯ ಕೆಳಗಿನ ಅಟ್ಟ! ಬಿರಡೆ ಒಣಗಿ ಗಾಳಿ ಹೊಕ್ಕಿತ್ತು. ಬಗ್ಗಿಸಿದರೆ ಕಂದು ನೀರು, ಬಾಯಿಗಿಟ್ಟರೆ ಹುಣಸೆಹಣ್ಣು ಕಿವುಚಿದ ಹಾಗೆ. ‘ನನಗೆ ಕೊಟ್ಟಿದ್ರೆ ಸಾರಿಗಾದರೂ ಹಾಕ್ತಿದ್ದೆ’ ಅಂದಳು ನನ್ನಾಕೆ. ಬಾಟಲಿಯನ್ನು ಮಲಗಿಸಿ, ಕತ್ತಲಲ್ಲಿ, ತಂಪಿನಲ್ಲಿ ಇಡಬೇಕು. ಕೆಂಪು ವೈನನ್ನು ‘ಕೋಣೆಯ ಬಿಸಿ’ಯಲ್ಲಿ ಕುಡಿಯಿರಿ ಎಂದು ಬರೆದಿರುತ್ತದೆ. ಅದು ಯುರೋಪಿನ ಕೋಣೆ, 15ರಿಂದ 18 ಡಿಗ್ರಿಯದು. ನಮ್ಮ ಕೋಣೆಯನ್ನು ನಂಬಿದರೆ ಕಷಾಯ ಕುಡಿದಂತಾಗುತ್ತದೆ. ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ.

ಜೊತೆಗೆ ಏನು ತಿಂದಿರಿ ಎಂದು ಕೇಳುತ್ತೀರಿ. ಬೆಣ್ಣೆದೋಸೆಯನ್ನೇ ತರಿಸಿದ್ದೆವು. ಬೆಣ್ಣೆಯ ಜಿಡ್ಡನ್ನು ಕಡಿಯಲಿಕ್ಕೆ ಹುಳಿ ಬೇಕು. ದಕ್ಷಿಣ ಆಫ್ರಿಕಾದ ಶೆನಿನ್ ಬ್ಲಾಂಕ್ ಆ ಕೆಲಸವನ್ನು ಸೊಗಸಾಗಿ ಮಾಡಿತು. ಅದೇ ತಳಿಯ ದ್ರಾಕ್ಷಿ ನಮ್ಮಲ್ಲೂ ಬೆಳೆಯುತ್ತದೆ. ಮಂಡಕ್ಕಿ ಮಿರ್ಚಿಯ ಜೊತೆ ಮಾತ್ರ ಕೆಂಪು ವೈನು ಸೋತಿತು. ಖಾರವೂ ಒಗರೂ ಒಂದನ್ನೊಂದು ಕೆರಳಿಸಿ ಬಾಯೆಲ್ಲ ಉರಿ. ಮಿರ್ಚಿಗೆ ಚಹವೇ ಸರಿ. ಇದರಲ್ಲಿ ನನಗೆ ಅನುಮಾನವಿಲ್ಲ.

ಇದೆಲ್ಲ ಪರದೇಶದ ಶೋಕಿ ಎನ್ನುವವರಿಗೆ ಒಂದು ಮಾತು. ನಮ್ಮ ಹಳಗನ್ನಡ ಕವಿಗಳು ಮಹಾಕಾವ್ಯಕ್ಕೆ ಬೇಕೆಂದು ಪಾಲಿಸಿದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಉಂಟು, ಮಧುಪಾನವೂ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ವನಕ್ರೀಡೆ, ಜಲಕ್ರೀಡೆಗಳ ಜೊತೆ ಮದಿರಾಪಾನ ಕ್ರೀಡೆಗೂ ಜಾಗ ಇದೆ. ಅದೇ ಶತಮಾನದಲ್ಲಿ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯ ಶರಣನಾಗಿ ವಚನ ಬರೆದ. ಅರಸನ ಉದ್ಯಾನದ ಗುಟುಕಿಗೂ ಬಡವನ ಮನೆ ಮುರಿಯುವ ಕುಡಿತಕ್ಕೂ ಇರುವ ಅಂತರವನ್ನು ಆ ಶತಮಾನವೇ ಕಂಡಿತ್ತು. ಊರಿನ ಸಾರಾಯಿ ಅಂಗಡಿಯ ಮುಂದೆ ಧರಣಿ ಕೂತ ಹೆಣ್ಣುಮಕ್ಕಳಿಗೆ ನಾನು ಈ ಲೋಟ ತಿರುಗಿಸುವ ಸೊಗಸು ಹೇಳಲಾರೆ. ಅವರು ಸರಿ.

ಇನ್ನು ಪ್ರವಾಸ. ಯುರೋಪಿನಲ್ಲಿ ವಸಂತ ಅಂದರೆ ದ್ರಾಕ್ಷಿಬಳ್ಳಿಯಲ್ಲಿ ಬರೀ ಚಿಗುರು. ಅವರ ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಮ್ಮಲ್ಲಿ ತಿರುವುಮುರುವು. ಚಳಿಗೆ ಮಲಗದ ನಮ್ಮ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ವಿಜಯಪುರದ ಕಡೆ ಅದಕ್ಕೆ ಚಾಟನಿ ಎನ್ನುತ್ತಾರೆ. ಏಪ್ರಿಲ್ ಚಾಟನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟನಿ ಹಣ್ಣು ಹಿಡಿಸಲು. ಹೀಗಾಗಿ ಗೊಂಚಲು ಮಾಗುವುದು ಫೆಬ್ರವರಿ, ಮಾರ್ಚಿನಲ್ಲಿ, ಮುತ್ತುಗದ ಮರ ಕೆಂಪಗೆ ಹೂ ಬಿಟ್ಟು ಮಾವು ಮಿಡಿಗಟ್ಟುವ ಹೊತ್ತಿಗೆ. ವಸಂತದಲ್ಲಿ ದ್ರಾಕ್ಷಿ ಕೊಯ್ಯುವ ಭಾಗ್ಯ ಫ್ರಾನ್ಸಿಗಿಲ್ಲ.

ನಾವು ಹೊರಟದ್ದು ಹರಿಹರದಿಂದ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಕೈಮುಗಿದು, ಬೇಸಿಗೆಗೆ ಬತ್ತಿ ಬಂಡೆ ತೋರಿಸುತ್ತಿದ್ದ ಹೊಳೆಯನ್ನು ನೋಡಿ, ಹರಪನಹಳ್ಳಿ, ಕೊಟ್ಟೂರು ಮಾರ್ಗದ ಹೊಸಪೇಟೆ ರೈಲು ಹತ್ತಿದೆವು. ರುಚಿ ನೋಡುವ ಪ್ರವಾಸಕ್ಕೆ ರೈಲೇ ಸರಿ, ಸ್ವಂತ ಕಾರು ಬೇಡ. ಆ ರೈಲಿಗೆ ಅವಸರವಿಲ್ಲ. ಜೋಳ, ಮೆಕ್ಕೆಜೋಳ ಕೊಯ್ದ ಬಯಲುಗಳನ್ನು ನಿಧಾನವಾಗಿ ತೋರಿಸುತ್ತ ಹೋಗುತ್ತದೆ.

ಹಂಪಿಗೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಸಂತೆಯಲ್ಲಿ ದ್ರಾಕ್ಷಿ ಮಾರುವುದನ್ನು ಕಂಡು, ಗೊಂಚಲಿನ ದರವನ್ನೂ ಬರೆದಿಟ್ಟಿದ್ದಾನೆ. ದ್ರಾಕ್ಷಿಯ ನಾಡಿನಿಂದ ಬಂದವನಲ್ಲವೆ, ಕಣ್ಣು ಅಲ್ಲಿಗೇ ಹೋಗಿದೆ. ಇವತ್ತು ಅದೇ ಬಂಡೆಗುಡ್ಡಗಳ ಸೀಮೆಯಲ್ಲಿ, ಕೊಪ್ಪಳ ಜಿಲ್ಲೆಯಲ್ಲಿ, ‘ಕೃಸ್ಮಾ’ ಎಂಬ ತೋಟದವರು ಕ್ಯಾಬರ್ನೆ ಸೊವಿನ್ಯೋಂ ಜೊತೆಗೆ ಇಟಲಿಯ ಸಾಂಜೊವೇಸೆ ತಳಿಯನ್ನೂ ಬೆಳೆದು ವೈನ್ ಮಾಡುತ್ತಾರೆ. ಹಗಲು ಕಾದು ರಾತ್ರಿ ಆರುವ ಬಂಡೆಯ ನೆಲ ಅದು.

ಹೊಸಪೇಟೆಯಿಂದ ಹೆದ್ದಾರಿ ಉತ್ತರಕ್ಕೆ, ಕೃಷ್ಣೆಯನ್ನು ದಾಟಿ ವಿಜಯಪುರಕ್ಕೆ. ತಿಕೋಟಾದ ಸುತ್ತ ಕಣ್ಣು ಹಾಯುವವರೆಗೆ ದ್ರಾಕ್ಷಿ ಪಡಗಳು. ಇಲ್ಲಿನದು ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್, ವೈನಿಗಲ್ಲ, ಒಣದ್ರಾಕ್ಷಿಗೆ. ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟು, ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ನೆರಳಿನ ಚಪ್ಪರದಲ್ಲಿ ಅಂತಸ್ತು ಅಂತಸ್ತಾಗಿ ಬಲೆಯ ಮೇಲೆ ಹರಡುತ್ತಾರೆ. ಸುಮಾರು ನಾಲ್ಕು ಕಿಲೊ ಹಣ್ಣು ಒಣಗಿ ಒಂದು ಕಿಲೊ ಆಗುತ್ತದೆ. ಅಕ್ಕ ಚಪ್ಪರದಿಂದ ಚಪ್ಪರಕ್ಕೆ ಹೋಗಿ ಒಂದೊಂದೇ ಬಾಯಿಗೆ ಹಾಕಿಕೊಂಡು, ‘ಇದು ಬಿಸಿಲು ಕಂಡೈತೆ, ಇದು ನೆರಳಾಗೆ ಒಣಗೈತೆ’ ಎಂದು ಹೇಳತೊಡಗಿದಳು. ತೋಟದ ಯಜಮಾನರು ಬೆರಗಾಗಿ ನೋಡಿದರು. ನನಗೆ ಅಜ್ಜಿಯ ನೆನಪಾಯಿತು.

ಅದೇ ಯಜಮಾನರು ಬಳ್ಳಿಯ ಬುಡ ತೋರಿಸಿ, ‘ಕೆಳಗ ಡಾಗ್ರಿಜ್ರಿ, ಮ್ಯಾಲ ಥಾಮ್ಸನ್’ ಅಂದರು. ಡಾಗ್ರಿಜ್ ಅಮೆರಿಕದ ಕಾಡುದ್ರಾಕ್ಷಿಯ ಬೇರು. ಸವುಳು ನೀರನ್ನೂ ಬರವನ್ನೂ ತಡೆಯುತ್ತದೆ ಎಂದು ಇಲ್ಲಿ ಅದರ ಮೇಲೆ ಕಸಿ ಕಟ್ಟುತ್ತಾರೆ. 1860ರ ದಶಕದಲ್ಲಿ ಬೇರು ತಿನ್ನುವ ಹೇನೊಂದು ಅಮೆರಿಕದಿಂದ ಬಂದು ಫ್ರಾನ್ಸಿನ ತೋಟಗಳನ್ನು ಹಾಳುಮಾಡಿದಾಗ, ಅವರು ಉಳಿದುಕೊಂಡದ್ದೂ ಅಮೆರಿಕದ ಬೇರಿಗೆ ಕಸಿ ಕಟ್ಟಿಯೇ. ಬೋರ್ಡೋದ ದೊರೆಬಾಟಲಿಗೂ ತಿಕೋಟಾದ ಒಣದ್ರಾಕ್ಷಿಗೂ ಬೇರಿನಲ್ಲಿ ನೆಂಟಸ್ತನ.

ಅಷ್ಟು ದೂರ ಆಗದು ಎನ್ನುವವರು ಬೆಂಗಳೂರಿನ ಹಾದಿ ಹಿಡಿದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿಗೆ ಹೋಗಬಹುದು. ಕನ್ವಲ್ ಗ್ರೋವರ್ 1988ರಲ್ಲಿ ಶುರುಮಾಡಿದ ತೋಟ ಅಲ್ಲಿದೆ.

ಹೋಗುವವರು ಎರಡು ಕೆಲಸ ಮಾಡಿ. ತೋಟದವರಿಗೆ ಮೊದಲೇ ಫೋನು ಮಾಡಿ, ಕೇಳಿಕೊಂಡು ಹೋಗಿ. ಜೊತೆಗೆ ಒಂದು ನೋಟುಪುಸ್ತಕ ಇಟ್ಟುಕೊಂಡು, ಬಾಯಿಗೆ ಬಂದ ರುಚಿಯನ್ನು ನಿಮ್ಮ ಮನೆಯ ಮಾತಿನಲ್ಲೇ ಬರೆಯಿರಿ. ತಡ ಮಾತ್ರ ಮಾಡಬೇಡಿ. ಯುಗಾದಿ ಕಳೆಯುತ್ತಲೇ ಏಪ್ರಿಲ್ ಚಾಟನಿ ಶುರುವಾಗುತ್ತದೆ. ಆಮೇಲೆ ಹೋದರೆ ತೋಟದಲ್ಲಿ ಕಾಣಸಿಗುವುದು ಬೋಳು ಬಳ್ಳಿ ಮತ್ತು ಕತ್ತರಿಸಿ ಬಿದ್ದ ಕಡ್ಡಿಯ ರಾಶಿ.